ಮಂಜುವಾಣಿಗೆ ಎರಡು ಕೊಡ ನೀರು

ಅಳಿಯನನ್ನು ಅತ್ತೆ ಆಡಿಕೊಳ್ಳಬಾರದು ಅನ್ನುತ್ತಾರೆ. ನಾನು ಆಡಿಕೊಳ್ಳುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ, ಅಷ್ಟೆ.

ಸಂಕ್ರಾಂತಿ ಕಳೆದ ಭಾನುವಾರ ಸಂಜೆ ನಮ್ಮ ಅಳಿಯಂದಿರು ತಿರುಮಲೇಶ, ಬೀದಿಯವರನ್ನೆಲ್ಲ ನಮ್ಮ ತಾರಸಿಗೆ ಕರೆದು ಕಡಲೆಕಾಯಿ ಹಂಚಿದರು. ಮಾಗಡಿಯಲ್ಲಿ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಜೀವ ಬರಿಸುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವರನ್ನು ಮೀರಿಸುವವರಿಲ್ಲ. ತೊಂದರೆ ಏನೆಂದರೆ, ಸುಟ್ಟುಹೋಗದ ವಸ್ತುವನ್ನೂ ಅವರು ಸುಮ್ಮನೆ ಬಿಡುವುದಿಲ್ಲ. ಹೋದ ವರ್ಷ ತಾನಾಗಿ ಮುದ್ದೆ ತೊಳಸುವ ಯಂತ್ರ ಮಾಡಿದ್ದರು. ಅದು ಎಸೆದ ಮೊದಲ ಮುದ್ದೆ ಎದುರುಮನೆಯ ಗೋಡೆಗೆ ಇಂದಿಗೂ ಅಂಟಿಕೊಂಡಿದೆ. ಮೇಲೆ ಸುಣ್ಣ ಬಳಿದಿದ್ದಾರೆ.

ನಾನು ಹದಿನಾಲ್ಕು ಮೆಟ್ಟಿಲು ಎಣಿಸಿಕೊಂಡು ತಾರಸಿ ಹತ್ತಿದೆ. ಎಣಿಸಲೇಬೇಕು. ನನ್ನ ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷವಾಗಿತ್ತು, ಎಲ್ಲ ಮಬ್ಬು ನೆರಳಿನ ಹಾಗೆ ಕಾಣುತ್ತಿತ್ತು, ಮೆಟ್ಟಿಲಿನ ಪಕ್ಕಕ್ಕೆ ಕಂಬಿ ಇರಲಿಲ್ಲ. ಕಂಬಿ ಹಾಕಿಸುತ್ತೇನೆ ಅಂತ ಅಳಿಯಂದಿರು ಹೇಳಿಯೂ ಮೂರು ವರ್ಷವಾಗಿತ್ತು.

ನೀರಿನ ಟ್ಯಾಂಕಿನ ಕೆಳಗೆ ಹಳೆಯ ಬೆಡ್‌ಶೀಟ್ ಹೊದಿಸಿಕೊಂಡು ಏನೋ ಕುಳಿತಿತ್ತು. ಅಳಿಯಂದಿರು ಬೆಡ್‌ಶೀಟ್ ಎಳೆದರು.

"ಇದರ ಹೆಸರು ಮಂಜುವಾಣಿ" ಅಂದರು. "ರೇಡಿಯೋದಲ್ಲಿ ಏನ್ ಹೇಳ್ತಾರೆ? ಒಳನಾಡಿನ ಕೆಲವೆಡೆ ಮುಂಜಾನೆ ಮಂಜು ಅಂತಾರೆ. ಕೆಲವೆಡೆ ಅಂದ್ರೆ ಎಲ್ಲಿ ಸ್ವಾಮಿ? ನಮ್ಮ ಬೀದಿ ಆ ಕೆಲವೆಡೆಯಲ್ಲಿ ಸೇರಿದ್ಯೋ ಇಲ್ವೋ? ಅದನ್ನ ಇದು ಹೇಳುತ್ತೆ, ಹಿಂದಿನ ದಿನ ಸಂಜೇನೇ."

"ರಿಪೇರಿಗೆ ಬಂದ ಮೋಟಾರುಗಳು ಅಂಗಡಿ ಮುಂದೆ ಸಾಲಾಗಿ ನಿಂತಿದ್ದಾವೆ, ಅವು ಯಾವತ್ತು ಓಡ್ತಾವೆ ಅಂತಾನೂ ಹೇಳುತ್ತಾ ಕೇಳಿ" ಅಂದಳು ನನ್ನ ಮಗಳು ಇಂದ್ರಾಣಿ.

ಅಳಿಯಂದಿರು ಕೇಳಿಸದವರ ಹಾಗೆ ಮುಂದುವರಿಸಿದರು. ಹಗಲೆಲ್ಲ ನೆಲ ಕುಡಿದ ಬಿಸಿಯನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದಂತೆ. ಮೋಡ ಇದ್ದರೆ ನೆಲಕ್ಕೆ ಕಂಬಳಿ ಹೊದಿಸಿದಂತೆ, ಬಿಸಿ ಉಳಿಯುತ್ತದೆ. ಮೋಡವೂ ಇಲ್ಲ, ಗಾಳಿಯೂ ಇಲ್ಲ ಅಂದರೆ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಮಂಜಾಗುತ್ತದೆ. ಎಷ್ಟು ತೇವ ಇದೆ, ಎಷ್ಟು ತಣ್ಣಗಾಗುತ್ತದೆ ಅಂತ ಗೊತ್ತಾದರೆ ಮಿಕ್ಕಿದ್ದು ಲೆಕ್ಕ.

ತೇವ ನೋಡುವುದಕ್ಕೆ ಒಂದು ಮೂಗು ಮಾಡಿ ಅಂಗಳದಲ್ಲಿ ಹೊಸ್ತಿಲ ಪಕ್ಕ ಹೂತಿದ್ದರು. ಬೆಳಿಗ್ಗೆ ಮಂಜು ನಿಜವಾಗಿ ಬಂತೋ ಇಲ್ಲವೋ ನೋಡುವುದಕ್ಕೆ ಪೆಟ್ಟಿಗೆಗೆ ಒಂದು ಕಣ್ಣು. ಅದು ಬೀದಿಯ ಕೊನೆಯ ಕಂಬದ ದೀಪವನ್ನೇ ದಿಟ್ಟಿಸುತ್ತಿರುತ್ತದೆ. ದೀಪ ಕಂಡರೆ ಮಂಜಿಲ್ಲ, ಕಾಣದಿದ್ದರೆ ಮಂಜು. ಕಣ್ಣನ್ನು ಆಗಾಗ ಪರೀಕ್ಷೆ ಮಾಡಿಕೊಳ್ಳಲಿ ಅಂತ, ಯಂತ್ರ ತಾನೇ ಒಂದು ಹಿಡಿ ಮಂಜು ಮಾಡಿ ನೋಡುವ ಏರ್ಪಾಟೂ ಇತ್ತು. ಅದಕ್ಕೆ ಐಸ್‌ಕ್ಯಾಂಡಿ ಅಂಗಡಿಯವರು ಬಿಸಾಡಿದ ತಂಪು ಪೆಟ್ಟಿಗೆ, ಮದುವೆ ಮಂಟಪದಲ್ಲಿ ಗಂಡು ಹೆಣ್ಣಿನ ಕಾಲಡಿ ಹೊಗೆ ಹರಿಸುವವರ ಹತ್ತಿರ ತಂದ, ನೀರನ್ನು ನಡುಗಿಸಿ ಮಂಜು ಮಾಡುವ ಎಂಟು ಬಿಲ್ಲೆ. ನೀರು ಬೇಕಲ್ಲ? ಟ್ಯಾಂಕಿಗೇ ಪೈಪು ಸೇರಿಸಿದ್ದರು.

"ಒಂದು ಹಿಡಿ ಮಂಜಿಗೆ ಎಂಟು ಬಿಲ್ಲೆ ಯಾಕ್ರೀ?" ಅಂತ ಕೇಳಿದಳು ಇಂದ್ರಾಣಿ.

"ಎಂಟು ತಗೊಂಡ್ರೆ ಮಾತ್ರ ಕೊಡ್ತೀನಿ ಅಂದ ಕಣೇ."

ಆಮೇಲೆ ಗುಂಡಿ ಒತ್ತಿದರು. ಪೆಟ್ಟಿಗೆ ಗುರ್ ಅಂತು. ಒಳಗಿಂದ ನನ್ನ ಮಗಳ ದನಿ ಬಂತು: "ನಾಳೆ ಮಂಜು ಇರಲ್ಲ."

ಬೀದಿಯವರೆಲ್ಲ ಇಂದ್ರಾಣಿಯ ಕಡೆ ತಿರುಗಿದರು. ಅವಳು ಬಾಯಲ್ಲಿ ಕಡಲೆಕಾಯಿ ಇಟ್ಟುಕೊಂಡು ನಿಂತಿದ್ದಳಂತೆ. ಅವಳ ದನಿಯನ್ನು ಅಳಿಯಂದಿರು ಫೋನಿನಲ್ಲಿ ಹಿಡಿದು ಯಂತ್ರಕ್ಕೆ ತುಂಬಿದ್ದರು. ಒಟ್ಟು ಮೂರು ಮಾತು. ಮಂಜು ಇರುತ್ತೆ, ಮಂಜು ಇರಲ್ಲ, ಮೂರನೆಯದು "ನಾನು ಹೇಳ್ಲಿಲ್ವಾ?" ಮೂರನೆಯದು ಅವಳದೇ ಷರತ್ತು. ಹೇಳಿದ್ದು ನಿಜವಾದರೆ ಅದನ್ನೂ ಅನ್ನಬೇಕು, ಇಲ್ಲದಿದ್ದರೆ ದನಿ ಕೊಡುವುದಿಲ್ಲ ಅಂದಿದ್ದಳು.

ಇಷ್ಟೆಲ್ಲ ಯಾರಿಗಾಗಿ ಅಂದರೆ, ನನಗಾಗಿ.

ನನ್ನ ಬಲಗಣ್ಣಿನ ಪೊರೆ ಬಲಿತಿತ್ತು, ತೆಗೆಯಲೇಬೇಕು ಅಂದಿದ್ದರು ಬೆಂಗಳೂರಿನ ಡಾಕ್ಟರು. ಅವರು ಆಪರೇಷನ್ ಮಾಡುವುದು ಗುರುವಾರ ಮಾತ್ರ, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಹಿಂದಿನ ದಿನವೇ ಹೋಗಿ ಉಳಿಯೋಣ ಅಂದರೆ ಅಲ್ಲಿರುವುದು ನನ್ನ ನಾದಿನಿಯ ಮನೆ. ನಾವಿಬ್ಬರೂ ಮಾತು ಬಿಟ್ಟು ಹದಿನಾರು ವರ್ಷ, ಆ ವಿಷಯ ಈಗ ಬೇಡ. ಹಾಗಾಗಿ ಪಕ್ಕದ ಮನೆಯ ಗವಿರಂಗಯ್ಯನ ವ್ಯಾನೇ ಗತಿ. ಅವನು ದಿನಾ ನಸುಕಿನಲ್ಲಿ ಬೆಂಗಳೂರಿಗೆ ಅವರೆಕಾಯಿ ಹೊಡೆಯುತ್ತಾನೆ. ಆದರೆ ಮಂಜಿದ್ದರೆ ಅವನು ವ್ಯಾನು ತೆಗೆಯುವುದಿಲ್ಲ. ಹೋದ ಮಾರ್ಗಶಿರದಲ್ಲಿ ಮಂಜಿನೊಳಗೆ ಬೆಂಗಳೂರಿಗೆ ಅಂತ ಹೊರಟು, ಒಂದೂವರೆ ಗಂಟೆ ಓಡಿಸಿ, ಎದುರು ದಿಕ್ಕಿನ ಕುಣಿಗಲ್ ಕೆರೆ ಏರಿಯ ಮೇಲೆ ಇಳಿದ ಮನುಷ್ಯ ಅವನು.

ಹೀಗೆ ಎರಡು ಗುರುವಾರ ತಪ್ಪಿತ್ತು. ಈ ವಾರ ಜಾಗವಿಲ್ಲದೆ ಮರುವಾರಕ್ಕೆ ಕೊಟ್ಟಿದ್ದ ಮೂರನೆಯದೂ ತಪ್ಪಿದರೆ ಜ್ಯೇಷ್ಠದವರೆಗೆ ಜಾಗವಿಲ್ಲ, ಅಷ್ಟರಲ್ಲಿ ಕಣ್ಣಿಗೇ ಕುತ್ತು ಅಂದಿದ್ದರು ಡಾಕ್ಟರು. ಮಂಜು ಬರುವುದು ಮುಂಚೆಯೇ ಗೊತ್ತಾದರೆ ಬುಧವಾರ ಸಂಜೆಯೇ ಬಸ್ಸು ಹತ್ತಿಸಿ, ನಾದಿನಿಯ ಕಾಲು ಹಿಡಿದಾದರೂ ಉಳಿಸಬಹುದು ಅನ್ನುವುದು ಅಳಿಯಂದಿರ ಲೆಕ್ಕ. ಹಿಡಿಯುವುದು ಅವರ ಕೈಯೇ ಅಂತಲೂ ಒಪ್ಪಿದ್ದರು. ಅಂಥ ಅಳಿಯ ಯಾರಿಗೆ ಸಿಗುತ್ತಾರೆ ಹೇಳಿ.

ಮಾರನೆಯ ದಿನ ಮಂಜು ಬರಲಿಲ್ಲ. ಕಂಬದ ದೀಪ ಪಳಪಳ ಅನ್ನುತ್ತಿತ್ತಂತೆ. ತಾರಸಿಯಿಂದ ಇಂದ್ರಾಣಿಯ ದನಿ ಬಂತು: "ನಾನು ಹೇಳ್ಲಿಲ್ವಾ?"

ಎಂಟು ದಿನ ಯಂತ್ರದ ಮಾತು ಒಂದೂ ತಪ್ಪಲಿಲ್ಲ. ಅವರೆಕಾಯಿಯವರು, ಹಾಲಿನವರು, ಕೊನೆಗೆ ಮದುವೆಯ ಚಪ್ಪರದವರೂ ಸಂಜೆಯಾದರೆ ನಮ್ಮ ಗೇಟಿನ ಹತ್ತಿರ ನಿಂತು ಕೇಳಿಸಿಕೊಂಡು ಹೋಗುವಂತಾಯಿತು. ಅಳಿಯಂದಿರು ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದರು.

ಒಂಬತ್ತನೆಯ ದಿನ ನಾನು ಎಂದಿನಂತೆ ಕತ್ತಲಲ್ಲೇ ಎದ್ದು ಅಂಗಳಕ್ಕೆ ನೀರು ಹಾಕಿ, ಕೊಡದಲ್ಲಿ ಮಿಕ್ಕಿದ್ದನ್ನು ಆವತ್ತು ಹೊಸ್ತಿಲ ಪಕ್ಕಕ್ಕೇ ಸುರಿದು ರಂಗೋಲಿಗೆ ಕುಳಿತೆ. ಕಣ್ಣು ಕಾಣದಿದ್ದರೂ ನನ್ನ ಬೆರಳಿಗೆ ಚುಕ್ಕಿ ಗೊತ್ತು. ಅರ್ಧ ಎಳೆ ಎಳೆದಿರಲಿಲ್ಲ, ತಾರಸಿಯಿಂದ "ಮಂಜು ಇರುತ್ತೆ, ಮಂಜು ಇರುತ್ತೆ" ಅಂತ ಒಂದೇ ಸಮನೆ ಕೂಗು. ಅಳಿಯಂದಿರು ಲುಂಗಿ ಕಟ್ಟಿಕೊಳ್ಳುತ್ತಾ ಓಡಿಬಂದರು.

"ಅತ್ತೆ, ಮೂಗಿನ ಮೇಲೆ ನೀರು ಸುರಿದಿದ್ದೀರಿ. ನೆಲ ಇಷ್ಟು ಒದ್ದೆ ಇದ್ರೆ ಅದು ಇನ್ನೇನಂತ ತಿಳ್ಕೊಳ್ಳುತ್ತೆ? ಇನ್ನು ಮೇಲೆ ಅಂಗಳಕ್ಕೆ ನೀರು ಹಾಕ್ಬೇಡಿ."

"ಹೊಸ್ತಿಲಿಗೆ ನೀರು ಹಾಕದೆ ಇರೋಕೆ ಇದೇನು ಸೂತಕದ ಮನೆಯಾ ಅಳಿಯಂದ್ರೇ?"

ಅವರು ತಲೆ ಕೆರೆದುಕೊಂಡರು. ಕೊನೆಗೆ ರಾಜಿಯಾಯಿತು. ಬೆಳಿಗ್ಗೆ ನಾನು ಎಷ್ಟು ಬೇಕಾದರೂ ನೀರು ಹಾಕಬಹುದು, ಆ ಹೊತ್ತಿನಲ್ಲಿ ಯಂತ್ರದ ಮೂಗು ಕಟ್ಟಿರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ನೆಲ ಒಣಗಿರಬೇಕು, ಅದು ಭವಿಷ್ಯ ಹೇಳುವ ಸಮಯ.

ಅವರು ಅದನ್ನು ನನಗೆ ಹೇಳಬಾರದಾಗಿತ್ತು.

ನಿಜ ಹೇಳಿಬಿಡುತ್ತೇನೆ. ನನಗೆ ಆಪರೇಷನ್ನಿಗೆ ಹೆದರಿಕೆ. ಕಣ್ಣಿಗೆ ಸೂಜಿ ಚುಚ್ಚುತ್ತಾರೆ ಅಂತ ಯಾರೋ ಹೇಳಿದ್ದರು.  ಮೊದಲ ಎರಡು ಗುರುವಾರ ಮಂಜು ಬಿದ್ದಾಗ ಎಲ್ಲರೂ ಪೇಚಾಡುತ್ತಿದ್ದರೆ ನಾನು ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಇದನ್ನು ಮಗಳ ಹತ್ತಿರ ಹೇಳುವುದು ಹೇಗೆ? ನಾಲ್ಕು ಹೆರಿಗೆ ಮಾಡಿಸಿದ ಸೂಲಗಿತ್ತಿ ನಾನು, ನನ್ನ ಧೈರ್ಯದ ಕತೆ ಬೀದಿಗೆಲ್ಲ ನಾನೇ ಹೇಳಿದ್ದೇನೆ.

ಬುಧವಾರ ಬಂತು. ಸಂಜೆ ಇಂದ್ರಾಣಿ ಒಳಗೆ ನನ್ನ ಸೀರೆ ಮಡಿಸಿ ಚೀಲಕ್ಕೆ ಇಡುತ್ತಿದ್ದಳು. ಬಾಗಿಲಿಗೆ ನೀರು ಚಿಮುಕಿಸಿ ದೀಪ ಹಚ್ಚುತ್ತೇನೆ ಅಂತ ಹೇಳಿ ನಾನು ಹೊರಗೆ ಬಂದೆ. ಎರಡು ಕೊಡ ನೀರನ್ನು ಯಂತ್ರದ ಮೂಗಿಗೆ ಸರಿಯಾಗಿ ಹೊಯ್ದೆ, ಮೇಲೆ ಒಣ ಮಣ್ಣು ಉದುರಿಸಿ, ಏನೂ ಅರಿಯದವಳ ಹಾಗೆ ದೀಪ ಹಚ್ಚಿದೆ.

ತಾರಸಿಯಿಂದ ದನಿ ಬಂತು: "ನಾಳೆ ಮಂಜು ಇರುತ್ತೆ."

ಅಳಿಯಂದಿರು ಅಂಗಡಿಯಿಂದ ಬಂದಾಗ ಕೊನೆಯ ಬಸ್ಸು ಹೋಗಿಯಾಗಿತ್ತು, ಅದೂ ನನ್ನ ಲೆಕ್ಕದಲ್ಲಿತ್ತು. ಗವಿರಂಗಯ್ಯ ಗೇಟಿನಲ್ಲೇ ಹೇಳಿದ, "ಮಂಜುವಾಣಿ ಹೇಳಿದ್ಮೇಲೆ ಮುಗೀತು, ನಾಳೆ ನಾನು ಏಳೋದೇ ಎಂಟಕ್ಕೆ." ಅಳಿಯಂದಿರು ಊಟದ ಮುಂದೆ ಕುಳಿತರು, ಮುದ್ದೆ ಮುರಿಯಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ, ಮಂಜು ಯಾರ ಕೈಲಿದೆ" ಅಂದೆ ನಾನು. ಅನ್ನುವಾಗ ನಾಲಿಗೆ ಸ್ವಲ್ಪ ತಡವರಿಸಿತು.

ನಸುಕಿನಲ್ಲಿ ಎಚ್ಚರವಾದಾಗ ಜಗಲಿಯ ಮೇಲೆ ಯಾರೋ ಪಿಸುಗುಡುವುದು ಕೇಳಿಸಿತು. ಅಳಿಯಂದಿರು ಕಂಬಳಿ ಹೊದ್ದು ಆಕಾಶ ನೋಡುತ್ತಾ ಕುಳಿತಿದ್ದರು. "ರಂಗನಾಥಸ್ವಾಮಿ, ನನ್ನ ಮಿಷನ್ ಇದೊಂದ್ಸಲ ಸುಳ್ಳಾಗ್ಲಿ. ಬೀದಿಯೋರು ನಕ್ಕರೂ ಪರವಾಗಿಲ್ಲ, ಅತ್ತೆ ಕಣ್ಣು ಉಳೀಲಿ" ಅನ್ನುತ್ತಿದ್ದರು.

 ಎರಡು ಕೊಡ ನೀರು ನನ್ನ ತಲೆಯ ಮೇಲೇ ಬಿದ್ದ ಹಾಗಿತ್ತು.

ಅಷ್ಟರಲ್ಲಿ ಅವರು ಎದ್ದು ಕುಣಿಯತೊಡಗಿದರು. "ಇಂದ್ರಾ, ಏಳೇ! ಒಂದು ಚೂರೂ ಮಂಜಿಲ್ಲ, ಕಂಬದ ದೀಪ ಕಾಣ್ತಿದೆ. ನನ್ನ ಮಿಷನ್ ಫೇಲು! ಗವಿರಂಗಣ್ಣಾ, ವ್ಯಾನು ತೆಗಿ!"

ತನ್ನ ಯಂತ್ರ ಕೆಟ್ಟಿತೆಂದು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಆದರೆ ತಾರಸಿಯ ಮೇಲೆ ಮಂಜುವಾಣಿಗೂ ಅದೇ ದೀಪ ಕಂಡಿತ್ತು. ಅದು ಮಂಜು ಇರುತ್ತೆ ಅಂದಿದೆ, ಕಣ್ಣಲ್ಲಿ ನೋಡಿದರೆ ದೀಪ ಉರಿಯುತ್ತಿದೆ. ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗುವ ತನಕ ಸುಮ್ಮನಿರಬೇಡ ಅಂತ ಅಳಿಯಂದಿರು ಅದಕ್ಕೆ ಕಲಿಸಿದ್ದರು. ಎಂಟು ದಿನ ಸತತವಾಗಿ ಗೆದ್ದು ಅದಕ್ಕೂ ಸ್ವಲ್ಪ ತಲೆ ತಿರುಗಿತ್ತೋ ಏನೋ. ತನ್ನ ಮಾತು ಬದಲಾಯಿಸುವುದಕ್ಕಿಂತ ಮಂಜು ಮಾಡುವುದೇ ಸುಲಭ ಅಂತ ಅದಕ್ಕೆ ಕಂಡಿತು. ಮನುಷ್ಯರೂ ಎಷ್ಟೋ ಸಲ ಹಾಗೇ ಮಾಡುತ್ತಾರೆ.

ಎಂಟು ಬಿಲ್ಲೆಯೂ ಒಟ್ಟಿಗೆ ಜುಂಯ್ ಅಂದವು. ತಣ್ಣನೆಯ ಮಂಜು ಭಾರ, ಮೇಲೆ ಹೋಗುವುದಿಲ್ಲ. ತಾರಸಿಯ ಅಂಚಿನಿಂದ ಧಾರೆಯಾಗಿ ಇಳಿದು ಅಂಗಳ ತುಂಬಿತು, ಗೇಟು ದಾಟಿತು, ಬೀದಿಗೆ ಹರಿಯಿತು. ಕೊನೆಯ ಕಂಬದ ದೀಪ ಮರೆಯಾದದ್ದೇ ತಡ, ಮೇಲಿನಿಂದ ಇಂದ್ರಾಣಿಯ ದನಿ: "ನಾನು ಹೇಳ್ಲಿಲ್ವಾ?"

"ಹೂ ಕಣೇ, ನಿಂದೇ ಸರಿ. ಮೊದಲು ಅತ್ತೆ ಚೀಲ ತಾ" ಅಂದರು ಅಳಿಯಂದಿರು.

"ನಾನೇನೂ ಹೇಳ್ಲಿಲ್ವಲ್ಲ" ಅಂದಳು ಅಡಿಗೆಮನೆಯಿಂದ ನಿಜವಾದ ಇಂದ್ರಾಣಿ.

ಆಮೇಲೆ ಆದದ್ದನ್ನು ನಾನು ಕಿವಿಯಲ್ಲೇ ಕಂಡೆ. ಇಂದ್ರಾಣಿ ಕರೆಂಟು ಬಂದ್ ಮಾಡುತ್ತೇನೆ ಅಂತ ಮೈನ್ ಸ್ವಿಚ್ಚು ಎಳೆದಳು. ಮನೆಯ ದೀಪಗಳೆಲ್ಲ ಆರಿದವು, ಯಂತ್ರ ನಿಲ್ಲಲಿಲ್ಲ. ಕರೆಂಟು ಹೋದರೂ ಭವಿಷ್ಯ ನಿಲ್ಲಬಾರದು ಅಂತ ಅದಕ್ಕೆ ಎರಡು ದೊಡ್ಡ ಬ್ಯಾಟರಿ ಕೂಡಿಸಿದ್ದರು. ಹಾಲಿನವನು ನಮ್ಮ ಮನೆಗೇ ಮೂರು ಸಲ ಬಂದು ಮೂರು ಸಲವೂ ಬೇರೆ ಬೇರೆ ಹೆಸರು ಹಿಡಿದು ಕೂಗಿ ಹಾಲು ಅಳೆದು ಹೋದ. ಭಜನೆಯವರು ಗುಡಿ ಅಂದುಕೊಂಡು ಗವಿರಂಗಯ್ಯನ ಕೊಟ್ಟಿಗೆಗೆ ಮೂರು ಸುತ್ತು ಬಂದು ಎಮ್ಮೆಗೆ ಮಂಗಳಾರತಿ ಎತ್ತಿದರು. ಗವಿರಂಗಯ್ಯ ವ್ಯಾನಿನ ಬಾಗಿಲು ಅಂತ ತೆಗೆದು ಒಳಗೆ ಕೂತದ್ದು ಕೋಳಿಗೂಡಿನಲ್ಲಿ. ಮಂಜು ಕೊಂಚ ತಿಳಿಯಾಗಿ ದೀಪ ಇಣುಕಿದರೆ ಯಂತ್ರ ಮತ್ತೆ ಜುಂಯ್ ಅನ್ನುವುದು, ದೀಪ ಮುಳುಗಿದರೆ ಮತ್ತೆ "ನಾನು ಹೇಳ್ಲಿಲ್ವಾ?"

"ಅದನ್ನ ನಿಲ್ಸಿ ಮಾರಾಯ್ರೇ" ಅಂತ ಕೋಳಿಗೂಡಿನಿಂದ ಗವಿರಂಗಯ್ಯ ಗೋಗರೆದ. "ನಮ್ಮೋಳು ಇದನ್ನ ಕೇಳಿ ಕಲ್ತುಬಿಟ್ರೆ ನನ್ನ ಗತಿ ಏನು?"

"ಗುಂಡಿ ಪೆಟ್ಟಿಗೆ ಹಿಂದೆ ಇದೆ. ಆದ್ರೆ ಮೆಟ್ಟಿಲೇ ಕಾಣ್ತಿಲ್ಲ" ಅಂದರು ಅಳಿಯಂದಿರು. ಮೊದಲ ಮೆಟ್ಟಿಲು ಅಂತ ಅವರು ಕಾಲಿಟ್ಟದ್ದು ಒಗೆಯುವ ಕಲ್ಲಿನ ಮೇಲೆ. ಜಾರಿ ಕೂತ ಸದ್ದು ಕೇಳಿಸಿತು. ಕಂಬಿ ಇಲ್ಲದ ಮೆಟ್ಟಿಲು, ಹತ್ತಿದರೆ ಕೈಕಾಲು ಮುರಿಯುವುದು ಖಂಡಿತ. "ಗಂಟೆ ಐದಾಗ್ತಿದೆ ಇಂದ್ರಾ. ಈ ಸಲಾನೂ ಹೋಯ್ತು. ನನ್ನ ಕೈಯಾರೆ ಅತ್ತೆ ಕಣ್ಣು ಕಳೆದೆ" ಅಂದಾಗ ಅವರ ದನಿ ಒಡೆದಿತ್ತು.

ಆಗ ನನಗೆ ಒಂದು ವಿಷಯ ಹೊಳೆಯಿತು. ಬೀದಿಗೆ ಬೀದಿಯೇ ತಡಕಾಡುತ್ತಿದೆ, ನನಗೆ ಮಾತ್ರ ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸವೇ ಇಲ್ಲ. ಮೂರು ವರ್ಷದಿಂದ ನಾನು ಬದುಕಿದ್ದೇ ಇಂಥ ಮಂಜಿನೊಳಗೆ.

"ಏಳಿ ಅಳಿಯಂದ್ರೇ" ಅಂದೆ. "ನಿಮ್ಮ ಟವೆಲ್ಲಿನ ತುದಿ ನನ್ನ ಕೈಗೆ ಕೊಡಿ." ಅತ್ತೆ ಅಳಿಯನ ಕೈ ಹಿಡಿಯುವುದು ನಮ್ಮಲ್ಲಿ ಇಲ್ಲ, ಮಂಜು ಬಿದ್ದಿದ್ದರೂ ಇಲ್ಲ.

ಒಗೆಯುವ ಕಲ್ಲಿನಿಂದ ಎಡಕ್ಕೆ ಐದು ಹೆಜ್ಜೆ. ನಾನು ಗೋಡೆ ಸವರಿಕೊಂಡು ಎಣಿಸುತ್ತಾ ಹತ್ತಿದೆ, ಹಿಂದೆ ಟವೆಲ್ಲು ಹಿಡಿದು ಅವರು. ಏಳನೆಯ ಮೆಟ್ಟಿಲು ಅಂಚಿನಲ್ಲಿ ಒಡೆದಿದೆ, ಒಳಗೆ ಕಾಲಿಡಿ ಅಂದೆ. ಹದಿನಾಲ್ಕು ಆದ ಮೇಲೆ ನಿಂತೆ. ಇನ್ನು ತಡೆಯಲಾಗಲಿಲ್ಲ.

"ಅಳಿಯಂದ್ರೇ, ನಿಮ್ಮ ಮಿಷನ್ನಿನ ತಪ್ಪಿಲ್ಲ. ನಿನ್ನೆ ಸಂಜೆ ಅದರ ಮೂಗಿಗೆ ಎರಡು ಕೊಡ ನೀರು ಹಾಕಿದ್ದು ನಾನೇ. ನಂಗೆ ಆಪರೇಷನ್ ಅಂದ್ರೆ ಹೆದರಿಕೆ."

ಅವರು ಬಾಯಿ ತೆಗೆಯುವ ಮೊದಲೇ ಪೆಟ್ಟಿಗೆ ಅಂತು: "ನಾನು ಹೇಳ್ಲಿಲ್ವಾ?"

ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. ಅವರು ಟವೆಲ್ಲು ಜೋರಾಗಿ ಜಗ್ಗಿದರು. "ಎರಡು ಕೊಡಾನಾ ಅತ್ತೆ? ಹಾಗಾದ್ರೆ ಅದು ಹೇಳಿದ್ದು ಸರಿಯಾಗೇ ಇದೆ! ಅಷ್ಟು ತೇವ ಇದ್ರೆ ಮಂಜು ಅಂತ ಹೇಳ್ಲೇಬೇಕು. ನನ್ನ ಲೆಕ್ಕ ಎಲ್ಲೂ ತಪ್ಪಿಲ್ಲ!"

"ನಿಮಗೆ ಸಿಟ್ಟು ಬರಲಿಲ್ವಾ?"

ಅವರು ಕೆಳಗೆ ಇಂದ್ರಾಣಿ ಇದ್ದ ಕಡೆ ಕಿವಿಗೊಟ್ಟರು. ಆಮೇಲೆ ಮೆಲ್ಲಗೆ ಅಂದರು, "ಇಂಜೆಕ್ಷನ್ ಅಂದ್ರೆ ನಂಗೂ ಭಯ ಅತ್ತೆ. ಹೋದ ಸಲ ಜ್ವರ ಬಂದಾಗ ನರ್ಸಮ್ಮನ್ನ ನೋಡಿ ಹಿಂದಿನ ಕಿಟಕಿಯಿಂದ ಹಾರಿದ್ದೆ. ಇಂದ್ರಾಗೆ ಹೇಳ್ಬೇಡಿ. ಇವತ್ತು ನಾನು ಪಕ್ಕದಲ್ಲೇ ಇರ್ತೀನಿ. ಇಬ್ರೂ ಹೆದರ್ಕೊಂಡೇ ಹೋಗೋಣ."

ಆ ಮಾತಿಗೆ ನನ್ನ ಕಣ್ಣು ತುಂಬಿತು. ಹದಿನೆಂಟು ವರ್ಷ ಈ ಮನುಷ್ಯನನ್ನು ನಾನು ಮಗಳ ಗಂಡ ಅಂತ ಕಂಡಿದ್ದೆ. ಆವತ್ತಿನಿಂದ ಮಗ.

ಗುಂಡಿ ಸಿಕ್ಕಿತು, ಯಂತ್ರ ನಿಂತಿತು. ಆದರೆ ಒಂದು ಟ್ಯಾಂಕು ನೀರು ಬೀದಿಯಲ್ಲಿ ಮಂಜಾಗಿ ನಿಂತಿದೆ, ಗಾಳಿ ಅಲುಗುತ್ತಿಲ್ಲ. ಗವಿರಂಗಯ್ಯನನ್ನು ಕೋಳಿಗಳಿಂದ ಬಿಡಿಸಿ ವ್ಯಾನಿಗೆ ಕೂರಿಸಿದೆವು. ಅವನು ಸ್ಟೀರಿಂಗ್ ಹಿಡಿದು, "ಚಿಕ್ಕತಾಯಕ್ಕ, ನಂಗೆ ಏನೂ ಕಾಣ್ತಿಲ್ಲ" ಅಂದ.

"ನಂಗೂ ಕಾಣ್ತಿಲ್ಲ. ಅಭ್ಯಾಸ ಇದೆ. ನನ್ನ ದನಿ ಹಿಡ್ಕೊಂಡು ಬಾ" ಅಂದೆ.

ವ್ಯಾನಿನ ಮುಂದೆ ನಡೆದೆ. ಎಡಕ್ಕೆ ಗೌರಕ್ಕನ ಜಗಲಿ, ಬಲಕ್ಕೆ ಬೋರ್‌ವೆಲ್ಲು, ಮುಂದೆ ಚರಂಡಿ ಕಲ್ಲು ಎದ್ದಿದೆ, ಅಂತ ಒಂದೊಂದೇ ಹೇಳುತ್ತಾ. ನೂರಾ ಎಂಬತ್ತು ಹೆಜ್ಜೆ. ಕೊನೆಯ ಕಂಬ ದಾಟಿದ್ದೇ ತಡ, ಹಿಂದಿನಿಂದ ಗವಿರಂಗಯ್ಯ, "ಅಯ್ಯೋ, ಇಲ್ಲಿ ನಕ್ಷತ್ರ ಇದೆ" ಅಂದ. ಇಡೀ ಮಾಗಡಿಯಲ್ಲಿ ಮಂಜು ಬಿದ್ದಿದ್ದದ್ದು ನಮ್ಮ ಬೀದಿಗೆ ಮಾತ್ರ. ಏಳಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ಸೇರಿದೆವು.

ಸೂಜಿಯ ವಿಷಯ ಸುಳ್ಳು. ಕಣ್ಣಿಗೆ ನಾಲ್ಕು ಹನಿ ಬಿಟ್ಟರು, ಹದಿನೈದು ನಿಮಿಷದಲ್ಲಿ ಮುಗಿಯಿತು. ಹೊರಗೆ ನನ್ನ ಹೆಸರು ಕೂಗಿದ್ದೇ ಅಳಿಯಂದಿರು ಮೂರ್ಛೆ ಹೋಗಿದ್ದರಂತೆ. ಅವರಿಗೆ ಇಂಜೆಕ್ಷನ್ ಕೊಡಬೇಕಾಯಿತು.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಅಪರಿಚಿತರು ಯಾರೋ ಬೋಳುತಲೆಯವರು ನಗುತ್ತಾ ನಿಂತಿದ್ದರು. "ಅತ್ತೆ, ಕಾಣ್ತಿದ್ಯಾ?" ಅಂದಾಗಲೇ ಗೊತ್ತಾದದ್ದು. ಮೂರು ವರ್ಷದಲ್ಲಿ ಆ ಕೂದಲೆಲ್ಲ ಯಾವಾಗ ಹೋಯಿತೋ, ನನಗೆ ಯಾರೂ ಹೇಳಿರಲಿಲ್ಲ.

"ಕಾಣ್ತಿದೆ ಅಳಿಯಂದ್ರೇ, ಚೆನ್ನಾಗಿ ಹೊಳೀತಿದೆ" ಅಂದೆ.

ಮಂಜುವಾಣಿಯನ್ನು ಗುಜರಿಗೆ ಹಾಕಬೇಕು ಅಂತ ಇಂದ್ರಾಣಿ ಹಟ ಹಿಡಿದಳು. ಆದರೆ ಆವತ್ತಿನ ಮಂಜು ಕುಡಿದ ನಮ್ಮ ಬೇಲಿಯ ಅವರೆಕಾಯಿಗೆ ಎಂಥ ಸೊಗಡು ಬಂದಿತ್ತೆಂದರೆ, ಬಿಡಿಸಿದವರ ಬೆರಳ ಘಮ ವಾರವಾದರೂ ಹೋಗಲಿಲ್ಲ. ಈಗ ಗವಿರಂಗಯ್ಯನ ಕಡೆಯವರು ಅವರೆಕಾಯಿ ಮೂಟೆಗಳನ್ನು ಸಂಜೆಯೇ ನಮ್ಮ ಅಂಗಳಕ್ಕೆ ತಂದು ಸಾಲಾಗಿ ಜೋಡಿಸುತ್ತಾರೆ, ಅಳಿಯಂದಿರು ಒಂದು ಗಂಟೆ ಮಂಜು ಬಿಡುತ್ತಾರೆ. ಭವಿಷ್ಯ ಹೇಳುವ ಕೆಲಸವನ್ನು ಅದು ಪೂರ್ತಿ ಬಿಟ್ಟಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಹಬೆ ಕಿಟಕಿಯಿಂದ ಮೇಲೇರಿ ಅದರ ಕಣ್ಣಿಗೆ ಮಂಜಿನ ಹಾಗೆ ಕಂಡಾಗ ಮಾತ್ರ ತಾರಸಿಯಿಂದ "ನಾನು ಹೇಳ್ಲಿಲ್ವಾ?" ಅನ್ನುತ್ತದೆ. ಅಳಿಯಂದಿರು ಹೂ ಕಣೇ ಅನ್ನುತ್ತಾರೆ.

ಎಡಗಣ್ಣಿನದು ಬರುವ ಪುಷ್ಯದಲ್ಲಿ ಅಂದಿದ್ದಾರೆ ಡಾಕ್ಟರು. ಈ ಸಲ ಹೆದರುವುದಿಲ್ಲ, ನೀರೂ ಹಾಕುವುದಿಲ್ಲ ಅಂತ ಅಳಿಯಂದಿರಿಗೆ ಮಾತು ಕೊಟ್ಟಿದ್ದೇನೆ. ಅವರು ಪೂರ್ತಿ ನಂಬಿದ್ದಾರೆ. ಆದರೂ ಮನೆಯ ಕೊಡಗಳನ್ನೆಲ್ಲ ಅಟ್ಟಕ್ಕೆ ಹಾಕಿ ಬೀಗ ಜಡಿದಿದ್ದಾರೆ. ಬಚ್ಚಲಿನ ಬಕೆಟ್ಟನ್ನು ಮರೆತಿದ್ದಾರೆ, ಹೊಸ ಕಣ್ಣಿಗೆ ಅದು ಇಲ್ಲಿಂದಲೇ ಕಾಣುತ್ತಿದೆ.